ಟಾಮ್‌ಕ್ಯಾಟ್ ನಿಧಾನ ಅನ್ನುವ ಮೊದಲು

"ಸರ್ವರ್ ಸ್ಲೋ ಆಗಿದೆ" ಎಂದು ಫೋನ್ ಬಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸ ಒಂದೇ. ಸರ್ವರ್ ಡಾಟ್ ಎಕ್ಸ್‌ಎಂಎಲ್ ಫೈಲ್ ತೆರೆಯುತ್ತಾರೆ. ಮ್ಯಾಕ್ಸ್‌ಥ್ರೆಡ್ಸ್, ಅಂದರೆ ಒಂದೇ ಹೊತ್ತಿಗೆ ಕೆಲಸ ಮಾಡುವ ಥ್ರೆಡ್‌ಗಳ (ಪ್ರೋಗ್ರಾಮ್ ಒಳಗಿನ ಕೆಲಸದ ಎಳೆಗಳ) ಮಿತಿ, 200 ಇದ್ದದ್ದನ್ನು 500 ಮಾಡುತ್ತಾರೆ. ಅದಕ್ಕೂ ಬಗ್ಗದಿದ್ದರೆ 1000. ಆಮೇಲೆ ಹೀಪ್ (ಜಾವಾ ಬಳಸುವ ಮೆಮೊರಿ) ಎರಡು ಪಟ್ಟು, ಆಮೇಲೆ ರೀಸ್ಟಾರ್ಟ್. ರೀಸ್ಟಾರ್ಟ್ ಆದ ಮೇಲೆ ಸ್ವಲ್ಪ ಹೊತ್ತು ಎಲ್ಲ ಚೆನ್ನಾಗಿಯೇ ಇರುತ್ತದೆ. ಎಲ್ಲರೂ ಸಮಾಧಾನದಿಂದ ಮನೆಗೆ ಹೋಗುತ್ತಾರೆ. ಮಾರನೇ ದಿನ ಮತ್ತೆ ಅದೇ ಫೋನ್.

ಇವತ್ತು ನಾನು ಜಾವಾ ವೆಬ್ ಅಪ್ಲಿಕೇಶನ್‌ಗಳನ್ನು ಓಡಿಸುವ ಅಪಾಚೆ ಟಾಮ್‌ಕ್ಯಾಟ್ ಸರ್ವರ್ ಇಟ್ಟುಕೊಂಡು ಮಾತಾಡುತ್ತೇನೆ. ನೀವು ಬೇರೆ ಸರ್ವರ್ ಬಳಸುತ್ತಿದ್ದರೂ ವಿಷಯ ಬಹುಪಾಲು ಇದೇ. ವೆಬ್ ಅಪ್ಲಿಕೇಶನ್ ನಿಧಾನವಾದಾಗ ಹೆಚ್ಚಿನ ಸಲ ಒಳಗೆ ಥ್ರೆಡ್‌ಗಳು ಯಾವುದಕ್ಕೋ ಕಾಯುತ್ತಾ ಕೂತಿರುತ್ತವೆ. ಯಾವುದಕ್ಕೆ ಕಾಯುತ್ತಿವೆ ಎಂದು ಗೊತ್ತಾಗುವವರೆಗೆ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ನಾನು ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಅದನ್ನು ಕಂಡುಹಿಡಿಯುವ ದಾರಿ.

ಮೊದಲು ಒಂದು ರಿಕ್ವೆಸ್ಟ್ ಟಾಮ್‌ಕ್ಯಾಟ್ ಒಳಗೆ ಹೇಗೆ ಹೋಗುತ್ತದೆ ನೋಡೋಣ. ಬ್ರೌಸರ್‌ನಿಂದ ಬಂದ ಕನೆಕ್ಷನ್ ಮೊದಲು ಲಿನಕ್ಸ್ ಕರ್ನಲ್‌ನ ಕ್ಯೂನಲ್ಲಿ ನಿಲ್ಲುತ್ತದೆ. ಅಲ್ಲಿಂದ ಅಕ್ಸೆಪ್ಟರ್ ಎಂಬ ಥ್ರೆಡ್ ಅದನ್ನು ಎತ್ತಿಕೊಂಡು ಪೋಲರ್ ಕೈಗೆ ಕೊಡುತ್ತದೆ. ಯಾವ ಕನೆಕ್ಷನ್‌ನಲ್ಲಿ ಡೇಟಾ ಬಂತು ಎಂದು ನೋಡುತ್ತಾ ಇರುವುದು ಪೋಲರ್ ಕೆಲಸ. ಡೇಟಾ ಬಂದಾಗ ಮಾತ್ರ ಅದು ಒಂದು ವರ್ಕರ್ ಥ್ರೆಡ್‌ಗೆ ಹೋಗುತ್ತದೆ. ನಿಮ್ಮ ಸರ್ವ್ಲೆಟ್, ನಿಮ್ಮ ಸ್ಪ್ರಿಂಗ್ ಕಂಟ್ರೋಲರ್, ಅಂದರೆ ನೀವು ಬರೆದ ಕೋಡ್, ಓಡುವುದು ಈ ವರ್ಕರ್ ಥ್ರೆಡ್ ಮೇಲೆ. ನೀವೇನೂ ಮುಟ್ಟದಿದ್ದರೆ ವರ್ಕರ್ ಥ್ರೆಡ್‌ಗಳು ಹೆಚ್ಚೆಂದರೆ 200. ಈಗಿನ ಆವೃತ್ತಿಗಳಲ್ಲಿ ಒಟ್ಟು ಕನೆಕ್ಷನ್ 8192 ತನಕ ಹಿಡಿದುಕೊಳ್ಳುತ್ತದೆ. ಅದೂ ತುಂಬಿದರೆ ಇನ್ನೊಂದು 100 ಕರ್ನಲ್ ಕ್ಯೂನಲ್ಲಿ ನಿಲ್ಲಬಹುದು.

ಇಲ್ಲಿ ಒಂದು ಮಾತು. "ಕೀಪ್-ಅಲೈವ್ ಆಫ್ ಮಾಡಿ, ಥ್ರೆಡ್ ಉಳಿಯುತ್ತದೆ" ಎಂಬ ಸಲಹೆಯನ್ನು ನೀವು ಎಲ್ಲೋ ಓದಿರುತ್ತೀರಿ. ಒಂದು ರಿಕ್ವೆಸ್ಟ್ ಮುಗಿದರೂ ಕನೆಕ್ಷನ್ ಮುಚ್ಚದೆ ಮುಂದಿನದಕ್ಕೆ ತೆರೆದಿಡುವುದೇ ಕೀಪ್-ಅಲೈವ್. ಆ ಸಲಹೆ ಹಳೆಯ ಕಾಲದ ಮಾತು. ಆಗ ಟಾಮ್‌ಕ್ಯಾಟ್‌ನಲ್ಲಿ ಕನೆಕ್ಷನ್ ಸ್ವೀಕರಿಸಲು ಬಯೋ ಕನೆಕ್ಟರ್ ಇತ್ತು. ಒಂದು ಕನೆಕ್ಷನ್‌ಗೆ ಒಂದು ಥ್ರೆಡ್ ಕಟ್ಟಿಹಾಕುತ್ತಿತ್ತು. ಟಾಮ್‌ಕ್ಯಾಟ್ 8ರಲ್ಲಿ, ಮೇಲೆ ಹೇಳಿದ ಪೋಲರ್ ಇರುವ ನಿಯೋ ಕನೆಕ್ಟರ್ ಡಿಫಾಲ್ಟ್ ಆಯಿತು, 8.5ರಲ್ಲಿ ಬಯೋವನ್ನು ತೆಗೆದೇ ಹಾಕಿದರು. ಈಗ ಸುಮ್ನೆ ತೆರೆದಿರುವ ಕನೆಕ್ಷನ್ ಯಾವ ವರ್ಕರ್ ಥ್ರೆಡ್ಡನ್ನೂ ತಿನ್ನುವುದಿಲ್ಲ. ಇವತ್ತು ಕೀಪ್-ಅಲೈವ್ ಆಫ್ ಮಾಡಿದರೆ ನಷ್ಟವೇ ಜಾಸ್ತಿ. ಟ್ಯೂನಿಂಗ್ ಸಲಹೆ ಎಲ್ಲೇ ಸಿಗಲಿ, ಅದು ಯಾವ ಆವೃತ್ತಿಗೆ ಬರೆದದ್ದು ಎಂದು ಮೊದಲು ನೋಡಿ.

ಈಗ ಲೆಕ್ಕಕ್ಕೆ ಬರೋಣ. ಜಾನ್ ಲಿಟಲ್ ಎಂಬವರು 1961ರಲ್ಲಿ ಒಂದು ಸೂತ್ರವನ್ನು ಸಾಧಿಸಿ ತೋರಿಸಿದರು. ವ್ಯವಸ್ಥೆಯ ಒಳಗೆ ಒಂದು ಹೊತ್ತಿನಲ್ಲಿ ಇರುವವರ ಸಂಖ್ಯೆ ಎಷ್ಟು? ಸೆಕೆಂಡಿಗೆ ಎಷ್ಟು ಜನ ಬರುತ್ತಾರೋ ಅದನ್ನು ಒಬ್ಬೊಬ್ಬರು ಒಳಗೆ ಕಳೆಯುವ ಸಮಯದಿಂದ ಗುಣಿಸಿ. ಅಷ್ಟೇ. ನಿಮ್ಮ ರಿಕ್ವೆಸ್ಟ್ 50 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ ಎಂದುಕೊಳ್ಳಿ. 200 ಥ್ರೆಡ್ ಇದ್ದರೆ ಸೆಕೆಂಡಿಗೆ 4000 ರಿಕ್ವೆಸ್ಟ್ ಸಾಗಿಸಬಹುದು. ನಮ್ಮಲ್ಲಿ ಬಹಳ ಅಪ್ಲಿಕೇಶನ್‌ಗಳಿಗೆ ಅದರ ಹತ್ತನೇ ಒಂದು ಭಾಗವೂ ಬರುವುದಿಲ್ಲ. ಹಾಗಿದ್ದೂ 200 ಥ್ರೆಡ್ ತುಂಬಿಹೋಗಿದೆ ಅಂದರೆ ಏನರ್ಥ? ಒಂದೊಂದು ರಿಕ್ವೆಸ್ಟ್ ಒಳಗೆ ಕಳೆಯುತ್ತಿರುವ ಸಮಯ ವಿಪರೀತ ಬೆಳೆದಿದೆ. ಥ್ರೆಡ್ ಜಾಸ್ತಿ ಮಾಡಿದರೆ ಆ ಸಮಯ ಕಡಿಮೆ ಆಗುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಒಂದು ನಿಜವಾದ ಪ್ರಸಂಗದಲ್ಲಿ ಇದೇ ಲೆಕ್ಕ ಬರುತ್ತದೆ.

ಇನ್ನು ಬೆಂಚ್‌ಮಾರ್ಕ್, ಅಂದರೆ ನಾವೇ ಲೋಡ್ ಕೊಟ್ಟು ವೇಗ ಅಳೆಯುವುದು. ನಾನು ಯಾರಾದರೂ ಬೆಂಚ್‌ಮಾರ್ಕ್ ಮಾಡುತ್ತೇನೆ ಅಂದರೆ ಮೊದಲು ಕೇಳುವುದು "ಯಾವ ಪ್ರಶ್ನೆಗೆ ಉತ್ತರ ಬೇಕು?" ಎಂದು. "ಎಷ್ಟು ಲೋಡ್ ತಡೆಯುತ್ತೆ ನೋಡೋಣ ಅಂತ" ಎಂಬುದು ಪ್ರಶ್ನೆಯೇ ಅಲ್ಲ. "ಫಲಿತಾಂಶದ ದಿನ ಸೆಕೆಂಡಿಗೆ 300 ಜನ ನಂಬರ್ ಹಾಕಿ ಹುಡುಕಿದರೆ, ನೂರಕ್ಕೆ 99 ಜನರಿಗೆ ಒಂದು ಸೆಕೆಂಡಿನೊಳಗೆ ಪುಟ ಬರುತ್ತದಾ?" ಇದು ಪ್ರಶ್ನೆ. ಇದಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರ ಇದೆ. ಉತ್ತರ ಬಂದ ಮೇಲೆ ಏನು ಮಾಡಬೇಕು ಎಂಬುದೂ ಗೊತ್ತಾಗುತ್ತದೆ.

ಉಪಕರಣಗಳು ಬೇಕಾದಷ್ಟಿವೆ. ಅಪಾಚೆ ಬೆಂಚ್, ಅಂದರೆ ಎಬಿ, ಎಲ್ಲ ಕಡೆ ಸಿಗುತ್ತದೆ. ಡಬ್ಲ್ಯೂಆರ್‌ಕೆ ಇದೆ, ಗ್ಯಾಟ್ಲಿಂಗ್ ಇದೆ, ಕೆ6 ಇದೆ. ಜೆಮೀಟರ್ ಅಂತೂ ನಮ್ಮ ಟೆಸ್ಟಿಂಗ್ ಟೀಮ್‌ಗಳಿಗೆ ಚೆನ್ನಾಗಿ ಗೊತ್ತು. ಇದರ ಹಿಂದೆ ಒಂದು ಚಂದದ ಸಂಬಂಧ ಇದೆ. ಟಾಮ್‌ಕ್ಯಾಟ್ ಮೊದಲು ಸನ್ ಕಂಪನಿಯಲ್ಲಿ ಜೇಮ್ಸ್ ಡಂಕನ್ ಡೇವಿಡ್‌ಸನ್ ಬರೆದದ್ದು. 1999ರಲ್ಲಿ ಅದು ಅಪಾಚೆಗೆ ಬಂತು. ಅಪಾಚೆಯಲ್ಲಿ ಅದಕ್ಕೂ ಮೊದಲು ಜೆಸರ್ವ್ ಎಂಬ ಸರ್ವ್ಲೆಟ್ ಎಂಜಿನ್ ಇತ್ತು. ಆ ಜೆಸರ್ವ್‌ನ ವೇಗ ಅಳೆಯಲು ಸ್ಟೆಫಾನೋ ಮಾತ್ಸೋಕ್ಕಿ ಬರೆದ ಪ್ರೋಗ್ರಾಮೇ ಜೆಮೀಟರ್. ಜೆಸರ್ವ್ ಹೋಯಿತು, ಅದರ ಜಾಗಕ್ಕೆ ಟಾಮ್‌ಕ್ಯಾಟ್ ಬಂತು, ಅಳೆಯುವ ಸಾಧನ ಮಾತ್ರ ಇನ್ನೂ ಬದುಕಿದೆ. ಇರಲಿ, ವಿಷಯಕ್ಕೆ ಬರೋಣ.

ಉಪಕರಣ ಯಾವುದಾದರೂ ಆಗಲಿ, ಮೋಸ ಹೋಗುವ ಜಾಗಗಳು ಒಂದೇ. ಮೊದಲನೆಯದು, ಏನನ್ನು ಅಳೆಯುತ್ತಿದ್ದೀರಿ ಎಂಬುದು. ಲಾಗಿನ್ ಬೇಕಾದ ಪುಟಕ್ಕೆ ಲಾಗಿನ್ ಇಲ್ಲದೆ ಹೊಡೆದರೆ ಟಾಮ್‌ಕ್ಯಾಟ್ 302 ಕೊಟ್ಟು ಲಾಗಿನ್ ಪುಟಕ್ಕೆ ಕಳಿಸುತ್ತದೆ. ಅದು ಬಹಳ ಬೇಗ ಆಗುವ ಕೆಲಸ. ಡಬ್ಲ್ಯೂಆರ್‌ಕೆ ಕಣ್ಣಿಗೆ 302 ತಪ್ಪಲ್ಲ. ಸೆಕೆಂಡಿಗೆ ಸಾವಿರಗಟ್ಟಲೆ ಎಂದು ಸಂಖ್ಯೆ ಬರುತ್ತದೆ, ಎಲ್ಲರಿಗೂ ಖುಷಿ. ನಿಮ್ಮ ಕೋಡ್‌ನ ಒಂದು ಸಾಲೂ ಓಡಿರುವುದಿಲ್ಲ. ಹಾಗಾಗಿ ರೆಸ್ಪಾನ್ಸ್ ಒಳಗೆ ಬರಬೇಕಾದ ಪದ ಇದೆಯಾ ಎಂದು ಪರೀಕ್ಷಿಸುವ ಅಸರ್ಶನ್ ಹಾಕಿ. ಅದಿಲ್ಲದ ಬೆಂಚ್‌ಮಾರ್ಕ್ ವರದಿಯನ್ನು ನಾನು ಓದುವುದೇ ಇಲ್ಲ.

ಎಬಿಯಲ್ಲಿ ಇನ್ನೊಂದು ತಮಾಷೆ ಇದೆ, ಉಲ್ಟಾ ದಿಕ್ಕಿನದು. ಮೊದಲ ರೆಸ್ಪಾನ್ಸ್ ಎಷ್ಟು ಉದ್ದ ಇತ್ತೋ ಮುಂದಿನವೂ ಅಷ್ಟೇ ಉದ್ದ ಇರಬೇಕು ಎಂದು ಅದು ಅಂದುಕೊಳ್ಳುತ್ತದೆ. ಪುಟದಲ್ಲಿ ಗಂಟೆ-ನಿಮಿಷ ಅಥವಾ ಟೋಕನ್ ಬದಲಾಗಿ ಉದ್ದ ವ್ಯತ್ಯಾಸವಾದರೆ ಅದನ್ನು ವಿಫಲ ರಿಕ್ವೆಸ್ಟ್ ಎಂದು ಎಣಿಸುತ್ತದೆ. ಗಾಬರಿ ಆಗುವ ಮೊದಲು ವಿಫಲದ ಸಾಲಿನ ಕೆಳಗೆ ನೋಡಿ. ಲೆಂತ್ ಎಂದು ಬೇರೆಯಾಗಿ ತೋರಿಸಿರುತ್ತದೆ. ಜೊತೆಗೆ, ಎಬಿಗೆ ಮೈನಸ್ ಕೆ ಕೊಡದಿದ್ದರೆ ಪ್ರತಿ ರಿಕ್ವೆಸ್ಟ್‌ಗೂ ಹೊಸ ಕನೆಕ್ಷನ್. ನಿಜವಾದ ಬ್ರೌಸರ್ ಹಾಗೆ ಮಾಡುವುದಿಲ್ಲ. ಆಗ ನೀವು ಅಳೆಯುವುದು ಕನೆಕ್ಷನ್ ಕಟ್ಟಿ ಮುರಿಯುವ ವೇಗವನ್ನು.

ಸೆಷನ್, ಅಂದರೆ ಒಬ್ಬೊಬ್ಬ ಬಳಕೆದಾರರ ಬಗ್ಗೆ ಸರ್ವರ್ ನೆನಪಿಟ್ಟುಕೊಳ್ಳುವ ಮಾಹಿತಿ, ಇದಕ್ಕಿಂತ ದೊಡ್ಡ ವಿಷಯ. ಇದರಲ್ಲಿ ಬಿದ್ದವರನ್ನು ಬಹಳ ನೋಡಿದ್ದೇನೆ. ಜೆಎಸ್‌ಪಿ ಪುಟ (ಜಾವಾ ಕೋಡ್ ಬೆರೆತ ವೆಬ್ ಪುಟ), ನೀವು ಬೇಡ ಎಂದು ಹೇಳದಿದ್ದರೆ, ತಾನೇ ಸೆಷನ್ ಸೃಷ್ಟಿಸುತ್ತದೆ. ಟಾಮ್‌ಕ್ಯಾಟ್‌ನಲ್ಲಿ ಸೆಷನ್ ಆಯುಸ್ಸು ಡಿಫಾಲ್ಟ್ ಆಗಿ 30 ನಿಮಿಷ. ಜೆಮೀಟರ್‌ನಲ್ಲಿ ಕುಕೀ ಮ್ಯಾನೇಜರ್ ಹಾಕದೆ ಟೆಸ್ಟ್ ಓಡಿಸಿದರೆ ಪ್ರತಿ ರಿಕ್ವೆಸ್ಟ್ ಹೊಸ ಬಳಕೆದಾರ ಬಂದಂತೆ ಕಾಣುತ್ತದೆ. ಸೆಕೆಂಡಿಗೆ 500 ರಿಕ್ವೆಸ್ಟ್ ಎಂದರೆ ಅರ್ಧ ಗಂಟೆಯಲ್ಲಿ 9 ಲಕ್ಷ ಸೆಷನ್. ಒಂದೊಂದರಲ್ಲಿ 10 ಕೆಬಿ ಇಟ್ಟರೂ 9 ಜಿಬಿ ಆಯಿತು. ಹೀಪ್ ತುಂಬುತ್ತದೆ, ಬೇಡವಾದ ಮೆಮೊರಿ ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ಒದ್ದಾಡುತ್ತದೆ, "ಮೆಮೊರಿ ಲೀಕ್ ಇದೆ" ಎಂದು ಟಿಕೆಟ್ ಏಳುತ್ತದೆ. ಲೀಕ್ ಎಲ್ಲೂ ಇಲ್ಲ. ಟೆಸ್ಟ್ ಸ್ಕ್ರಿಪ್ಟ್‌ನಲ್ಲಿ ಒಂದು ಸಾಲು ಇಲ್ಲ, ಅಷ್ಟೇ. ಹಾಗೆಂದು ಇದು ಬರೀ ಟೆಸ್ಟ್‌ನ ಸಮಸ್ಯೆ ಅಂದುಕೊಳ್ಳಬೇಡಿ. ಸರ್ಚ್ ಎಂಜಿನ್‌ಗಳ ಬಾಟ್‌ಗಳು ಕುಕೀ ಇಟ್ಟುಕೊಳ್ಳದೆ ಬರುವುದುಂಟು. ಅವು ಪ್ರೊಡಕ್ಷನ್‌ನಲ್ಲಿ ಇದೇ ಕೆಲಸ ಮಾಡುತ್ತವೆ. ಅದಕ್ಕೆಂದೇ ಟಾಮ್‌ಕ್ಯಾಟ್‌ನಲ್ಲಿ ಕ್ರಾಲರ್ ಸೆಷನ್ ಮ್ಯಾನೇಜರ್ ವಾಲ್ವ್ ಎಂಬುದನ್ನು ಇಟ್ಟಿದ್ದಾರೆ.

ಬೆಂಚ್‌ಮಾರ್ಕ್ ಓಡಿಸುವ ಯಂತ್ರ ಬೇರೆ ಇರಲಿ, ಟಾಮ್‌ಕ್ಯಾಟ್ ಯಂತ್ರ ಬೇರೆ ಇರಲಿ. ಇಲ್ಲದಿದ್ದರೆ ಎರಡೂ ಒಂದೇ ಸಿಪಿಯುಗೆ ಕಿತ್ತಾಡುತ್ತವೆ. ಜೆಮೀಟರ್‌ನ ಕಿಟಕಿ ತೆರೆದುಕೊಂಡು ದೊಡ್ಡ ಲೋಡ್ ಕೊಡಬೇಡಿ, ಕಮಾಂಡ್ ಲೈನ್‌ನಿಂದ ಕೊಡಿ. ಜಾವಾ ಬಿಸಿಯಾಗಲು ಸಮಯ ಬೇಕು. ಶುರುವಿನಲ್ಲಿ ಕೋಡ್ ಇಂಟರ್‌ಪ್ರಿಟರ್‌ನಲ್ಲಿ ಓಡುತ್ತದೆ, ಬಹಳ ಸಲ ಓಡಿದ ಮೆಥಡ್‌ಗಳನ್ನು ಜಿಟ್ ಎಂಬ ಕಂಪೈಲರ್ ಆಮೇಲೆ ಯಂತ್ರದ ಭಾಷೆಗೆ ಕಂಪೈಲ್ ಮಾಡುತ್ತದೆ. ಮೊದಲ ಕೆಲವು ನಿಮಿಷಗಳ ಅಂಕಿಗಳನ್ನು ಬೇರೆ ಇಡಿ. ಡೇಟಾಬೇಸ್‌ನಲ್ಲಿ ನಿಜವಾದ ಪ್ರಮಾಣದ ಡೇಟಾ ಇರಲಿ. ಸಾವಿರ ಸಾಲಿನ ಟೇಬಲ್‌ನಲ್ಲಿ ಇಂಡೆಕ್ಸ್ ಇಲ್ಲದಿರುವುದು ಗೊತ್ತೇ ಆಗುವುದಿಲ್ಲ. ಕೋಟಿ ಸಾಲಾದಾಗ ಗೊತ್ತಾಗುತ್ತದೆ, ಆದರೆ ಅಷ್ಟರಲ್ಲಿ ತಡವಾಗಿರುತ್ತದೆ.

ಈಗ ಸ್ವಲ್ಪ ನಿಧಾನವಾಗಿ ಕೇಳಬೇಕಾದ ವಿಷಯ. ಸರಾಸರಿ. ವರದಿಯ ಮೊದಲ ಸಾಲಿನಲ್ಲೇ "ಸರಾಸರಿ ರೆಸ್ಪಾನ್ಸ್ ಟೈಮ್ 120 ಮಿಲಿಸೆಕೆಂಡ್" ಎಂದಿರುತ್ತದೆ. ಅದರಿಂದ ನನಗೆ ಏನೂ ತಿಳಿಯುವುದಿಲ್ಲ. 99ನೇ ಪರ್ಸೆಂಟೈಲ್ ಹೇಳಿ, ಅಂದರೆ ನೂರರಲ್ಲಿ ಒಂದು ರಿಕ್ವೆಸ್ಟ್ ಇದಕ್ಕಿಂತ ಕೆಟ್ಟದು ಎನ್ನುವ ಗಡಿ. "ನೂರಕ್ಕೆ ಒಂದು ತಾನೇ, ಹೋಗಲಿ ಬಿಡಿ" ಅನ್ನುತ್ತೀರಾ? ಒಂದು ಪುಟ ತೆರೆಯಲು 40 ರಿಕ್ವೆಸ್ಟ್ ಹೋಗುತ್ತವೆ ಅಂದುಕೊಳ್ಳಿ. ಅವುಗಳಲ್ಲಿ ಒಂದಾದರೂ ಆ ಕೆಟ್ಟ ಒಂದು ಶೇಕಡಾದಲ್ಲಿ ಬೀಳುವ ಸಾಧ್ಯತೆ ಸುಮಾರು ಶೇಕಡಾ 33. ಮೂವರಲ್ಲಿ ಒಬ್ಬರಿಗೆ ನಿಮ್ಮ ಸೈಟ್ ನಿಧಾನ.

ಅದಕ್ಕಿಂತ ಆಳದ ಇನ್ನೊಂದು ತೊಂದರೆಯನ್ನು ಗಿಲ್ ಟೆನೆ ಎಂಬ ಎಂಜಿನಿಯರ್ ಬಹಳ ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ಅವರು ಅದನ್ನು ಕೋಆರ್ಡಿನೇಟೆಡ್ ಒಮಿಷನ್ ಎಂದು ಕರೆದರು. ನ್ಯಾಯಬೆಲೆ ಅಂಗಡಿಯಲ್ಲಿ ಜನ ಎಷ್ಟು ಹೊತ್ತು ಕಾಯುತ್ತಾರೆ ಎಂದು ತಿಳಿಯಲು ಒಬ್ಬನನ್ನೇ ಮತ್ತೆ ಮತ್ತೆ ಕಳಿಸುತ್ತೀರಿ ಎನ್ನಿ. ಅವನು ಹೋಗುತ್ತಾನೆ, ತರುತ್ತಾನೆ, ಮತ್ತೆ ಹೋಗುತ್ತಾನೆ. ನಡುವೆ ಅಂಗಡಿಯವರು ಒಂದು ಗಂಟೆ ಬಾಗಿಲು ಹಾಕುತ್ತಾರೆ. ಇವನು ಬಾಗಿಲ ಮುಂದೆ ಕಾದು ನಿಂತು, ಸಂಜೆ ಬಂದು "ಒಂದು ಸಲ ಮಾತ್ರ ಒಂದು ಗಂಟೆ ಕಾದೆ, ಉಳಿದ ಸಲವೆಲ್ಲ ಒಂದೇ ನಿಮಿಷ" ಅನ್ನುತ್ತಾನೆ. ಆ ಒಂದು ಗಂಟೆಯಲ್ಲಿ ಬಂದು ನಿಂತ ಊರಿನ ಉಳಿದ ಜನ ಅವನ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಎಬಿ ಮಾಡುವುದು ಇದನ್ನೇ. ಡಬ್ಲ್ಯೂಆರ್‌ಕೆ ಮತ್ತು ಜೆಮೀಟರ್‌ನ ಸಾದಾ ಥ್ರೆಡ್ ಗ್ರೂಪ್ ಕೂಡ ಇದನ್ನೇ ಮಾಡುತ್ತವೆ. ಉತ್ತರ ಬರುವ ತನಕ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಸಂಖ್ಯೆಯಲ್ಲಿ ನೋಡಿ. ಒಂದು ಕನೆಕ್ಷನ್, ಒಂದೊಂದು ಉತ್ತರಕ್ಕೆ 10 ಮಿಲಿಸೆಕೆಂಡ್. 100 ಸೆಕೆಂಡಿನ ಟೆಸ್ಟ್. ನಡುವೆ ಸರ್ವರ್ 10 ಸೆಕೆಂಡ್ ಸ್ತಬ್ಧವಾಯಿತು. ಟೆಸ್ಟ್‌ನಲ್ಲಿ ಸುಮಾರು 9000 ಒಳ್ಳೆಯ ಅಂಕಿ, ಒಂದೇ ಒಂದು ಕೆಟ್ಟ ಅಂಕಿ. 99.9ನೇ ಪರ್ಸೆಂಟೈಲ್ ಕೂಡ 10 ಮಿಲಿಸೆಕೆಂಡ್ ಎಂದೇ ತೋರಿಸುತ್ತದೆ. ಆದರೆ ನಿಜವಾಗಿ ಸೆಕೆಂಡಿಗೆ 100 ಜನ ಬರುತ್ತಿದ್ದರೆ ಆ 10 ಸೆಕೆಂಡಿನಲ್ಲಿ 1000 ಜನ ಸಿಕ್ಕಿಹಾಕಿಕೊಂಡಿರುತ್ತಾರೆ. ಹತ್ತು ಸಾವಿರಕ್ಕೆ ಒಂದು ಸಾವಿರ. 99ನೇ ಪರ್ಸೆಂಟೈಲ್ 9 ಸೆಕೆಂಡ್! 10 ಮಿಲಿಸೆಕೆಂಡ್ ಎಲ್ಲಿ, 9 ಸೆಕೆಂಡ್ ಎಲ್ಲಿ.

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬರುವ ಹೊತ್ತನ್ನು ನೆನೆಸಿಕೊಳ್ಳಿ. ತುಮಕೂರಿನ ಹುಡುಗಿಗೆ ಪುಟ ಬಂತೋ ಇಲ್ಲವೋ ನೋಡಿಕೊಂಡು ಬೀದರಿನ ಹುಡುಗ ಬಟನ್ ಒತ್ತುವುದಿಲ್ಲ ಅಲ್ವಾ? ಎಲ್ಲರೂ ಅವರವರ ಪಾಡಿಗೆ ಒತ್ತುತ್ತಾರೆ. ಪುಟ ಬರದಿದ್ದರೆ ರಿಫ್ರೆಶ್ ಬೇರೆ. ಅಂದರೆ ಸರ್ವರ್ ನಿಧಾನವಾದಷ್ಟೂ ಲೋಡ್ ಏರುತ್ತದೆ. ಇಂಥ ಲೋಡನ್ನು ಅಳೆಯಲು ನಿಗದಿತ ವೇಗದಲ್ಲಿ ರಿಕ್ವೆಸ್ಟ್ ಕಳಿಸುತ್ತಲೇ ಇರುವ ಉಪಕರಣ ಬೇಕು. ಟೆನೆ ಅವರದೇ ಡಬ್ಲ್ಯೂಆರ್‌ಕೆ2 ಇದೆ. ಕೆ6ನಲ್ಲಿ ಕಾನ್‌ಸ್ಟಂಟ್ ಅರೈವಲ್ ರೇಟ್ ಎಂದು ಕೊಡಬಹುದು. ಗ್ಯಾಟ್ಲಿಂಗ್‌ನಲ್ಲೂ ಸೆಕೆಂಡಿಗೆ ಇಷ್ಟು ಬಳಕೆದಾರರು ಎಂದು ಹೇಳಬಹುದು. ಜೆಮೀಟರ್ 5.5ರಿಂದ ಓಪನ್ ಮಾಡೆಲ್ ಥ್ರೆಡ್ ಗ್ರೂಪ್ ಬಂದಿದೆ. ಫಲಿತಾಂಶದಂತಹ ಕೆಲಸಕ್ಕೆ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಒಮ್ಮೆ ಪ್ರಕಟವಾದರೆ ಆ ದಿನ ಬದಲಾಗದ ಮಾಹಿತಿ ಅದು. ಅದನ್ನು ಮೊದಲೇ ಫೈಲ್‌ಗಳಾಗಿ ಸಿದ್ಧ ಮಾಡಿ ಟಾಮ್‌ಕ್ಯಾಟ್‌ಗಿಂತ ಮುಂದೆ ನಿಲ್ಲುವ ಎಂಜಿನ್‌ಎಕ್ಸ್‌ನಂಥ ಸರ್ವರ್‌ನಿಂದಲೇ ಕೊಟ್ಟರೆ ಟಾಮ್‌ಕ್ಯಾಟ್‌ಗೆ ಆ ಲೋಡ್ ಮುಟ್ಟುವುದೇ ಇಲ್ಲ. ಟ್ಯೂನಿಂಗ್‌ಗಿಂತ ಇದು ಎಷ್ಟೋ ಮೇಲು.

ಸರಿ, ಅಳೆದದ್ದಾಯಿತು. ನಿಧಾನ ಎಂದು ಖಾತ್ರಿಯಾಯಿತು. ಈಗ ಹುಡುಕುವುದು ಹೇಗೆ? ನಾನು ನೋಡಿದ ಒಂದು ಪ್ರಸಂಗ ಹೇಳುತ್ತೇನೆ. ಒಂದು ಬುಕಿಂಗ್ ಅಪ್ಲಿಕೇಶನ್. ಬೆಳಿಗ್ಗೆ ಜನ ಜಾಸ್ತಿ ಆದಾಗ ಪುಟ ಬರಲು 5 ಸೆಕೆಂಡ್. ಸಿಪಿಯು ನೋಡಿದರೆ ಆರಾಮಾಗಿ ಮಲಗಿದೆ. ಮೆಮೊರಿಯೂ ಸರಿ ಇದೆ. ಟೀಮ್‌ನವರು ಮ್ಯಾಕ್ಸ್‌ಥ್ರೆಡ್ಸನ್ನು 200ರಿಂದ 800ಕ್ಕೆ ಏರಿಸಿದರು. ಮಾರನೇ ಬೆಳಿಗ್ಗೆ 20 ಸೆಕೆಂಡ್. ಟಾಮ್‌ಕ್ಯಾಟ್ ಕೈಲಾಗುವುದಿಲ್ಲ, ಬೇರೆ ಸರ್ವರ್ ಹಾಕೋಣ ಎಂದು ಮಾತು ಶುರುವಾಯಿತು.

ಮೊದಲು ಆಕ್ಸೆಸ್ ಲಾಗ್, ಅಂದರೆ ಬಂದ ರಿಕ್ವೆಸ್ಟ್‌ಗಳ ದಾಖಲೆ. ಟಾಮ್‌ಕ್ಯಾಟ್‌ನಲ್ಲಿ ಬರುವ ಡಿಫಾಲ್ಟ್ ಲಾಗ್ ಮಾದರಿಯಲ್ಲಿ ರಿಕ್ವೆಸ್ಟ್‌ಗೆ ಹಿಡಿದ ಸಮಯವೇ ಇರುವುದಿಲ್ಲ. ಅದಕ್ಕೆ ಪರ್ಸೆಂಟ್ ದೊಡ್ಡ ಡಿ ಸೇರಿಸಿ. ಒಂದೊಂದು ರಿಕ್ವೆಸ್ಟ್ ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ಬರುತ್ತದೆ. ಜೊತೆಗೆ ಪರ್ಸೆಂಟ್ ದೊಡ್ಡ ಐ ಹಾಕಿದರೆ ಯಾವ ಥ್ರೆಡ್ ಅದನ್ನು ಮಾಡಿತು ಎಂಬ ಹೆಸರೂ ಬರುತ್ತದೆ. ಒಂದು ಎಚ್ಚರಿಕೆ: ಟಾಮ್‌ಕ್ಯಾಟ್ 9ರವರೆಗೆ ಪರ್ಸೆಂಟ್ ಡಿ ಮಿಲಿಸೆಕೆಂಡಿನಲ್ಲಿತ್ತು, 10ರಿಂದ ಮೈಕ್ರೋಸೆಕೆಂಡ್. ಅಪ್‌ಗ್ರೇಡ್ ಮಾಡಿದ ದಿನ ಡ್ಯಾಶ್‌ಬೋರ್ಡ್‌ನಲ್ಲಿ ಎಲ್ಲವೂ ಸಾವಿರ ಪಟ್ಟು ನಿಧಾನ ಎಂದು ಕಂಡರೆ ಹೆದರಬೇಡಿ. ಆ ಲಾಗ್‌ನಿಂದ ನಮಗೆ ಒಂದು ವಿಷಯ ಸ್ಪಷ್ಟವಾಯಿತು. ಡೇಟಾಬೇಸ್ ಮುಟ್ಟುವ ಪುಟಗಳೆಲ್ಲ ನಿಧಾನ, ಉಳಿದವು ಚುರುಕು.

ಆಮೇಲೆ ಥ್ರೆಡ್ ಡಂಪ್, ಅಂದರೆ ಆ ಕ್ಷಣ ಯಾವ ಥ್ರೆಡ್ ಕೋಡ್‌ನ ಯಾವ ಜಾಗದಲ್ಲಿದೆ ಎಂಬ ಪಟ್ಟಿ. ಜೆಸ್ಟ್ಯಾಕ್ ಅಥವಾ ಜೆಸಿಎಂಡಿ ಎಂಬ ಕಮಾಂಡ್‌ಗಳು ಜಾವಾ ಜೊತೆಯಲ್ಲೇ ಬರುತ್ತವೆ. ಅವು ಇಲ್ಲದಿದ್ದರೆ ಕಿಲ್ ಮೈನಸ್ 3 ಕೊಡಿ. ಹೆಸರು ಕೇಳಿ ಗಾಬರಿಯಾಗಬೇಡಿ, ಅದು ಪ್ರೋಸೆಸ್ಸನ್ನು ಕೊಲ್ಲುವುದಿಲ್ಲ. ಕ್ಯಾಟಲಿನಾ ಡಾಟ್ ಔಟ್ ಫೈಲ್‌ಗೆ ಡಂಪ್ ಬರೆಯುತ್ತದೆ. ಒಂದೇ ಡಂಪ್ ಸಾಲದು. ಐದೋ ಹತ್ತೋ ಸೆಕೆಂಡ್ ಬಿಟ್ಟು ಮೂರು ನಾಲ್ಕು ತೆಗೆಯಿರಿ. ಎಲ್ಲದರಲ್ಲೂ ಅದೇ ಥ್ರೆಡ್ ಅದೇ ಜಾಗದಲ್ಲಿ ನಿಂತಿದ್ದರೆ ಅದು ಸಿಕ್ಕಿಹಾಕಿಕೊಂಡಿದೆ. ಹಾಗೆಯೇ ಪ್ರತಿ ಡಂಪ್‌ನಲ್ಲೂ ಬೇರೆ ಬೇರೆ ಥ್ರೆಡ್‌ಗಳು ಒಂದೇ ಜಾಗದಲ್ಲಿ ಸಿಕ್ಕರೆ ಅಲ್ಲೊಂದು ಕ್ಯೂ ಇದೆ.

ನಮಗೆ ಸಿಕ್ಕಿದ್ದು ಕ್ಯೂ. ಎಚ್‌ಟಿಟಿಪಿ-ನಿಯೋ-8080-ಎಕ್ಸೆಕ್ ಎಂದು ಶುರುವಾಗುವ ವರ್ಕರ್ ಥ್ರೆಡ್‌ಗಳಲ್ಲಿ ಎಂಟನ್ನು ಬಿಟ್ಟು ಉಳಿದವೆಲ್ಲ ಬಾರೋ ಆಬ್ಜೆಕ್ಟ್ ಎಂಬ ಮೆಥಡ್‌ನಲ್ಲಿ ನಿಂತಿದ್ದವು. ಅದು ಡೇಟಾಬೇಸ್ ಕನೆಕ್ಷನ್ ಪೂಲ್‌ನ, ಅಂದರೆ ತೆರೆದಿಟ್ಟ ಕನೆಕ್ಷನ್‌ಗಳನ್ನು ಹಂಚುವ ಭಾಗದ, ಮೆಥಡ್. ಕನೆಕ್ಷನ್ ಕೊಡಿ ಎಂದು ಕೇಳಿ ಕಾಯುತ್ತಿವೆ. ಎಂಟು ಯಾಕೆ? ಟಾಮ್‌ಕ್ಯಾಟ್ ಜೊತೆ ಬರುವ ಡಿಬಿಸಿಪಿ2 ಪೂಲ್‌ನಲ್ಲಿ ಮ್ಯಾಕ್ಸ್‌ಟೋಟಲ್ ಡಿಫಾಲ್ಟ್ 8. ಎಷ್ಟು ಹೊತ್ತು ಕಾಯಬಹುದು ಎಂಬುದಕ್ಕೆ ಡಿಫಾಲ್ಟ್ ಮಿತಿಯೇ ಇಲ್ಲ. ಯಾರೂ ಅದನ್ನು ಹೊಂದಿಸಿರಲಿಲ್ಲ. ಹಾಗಾಗಿ ಒಂದು ಎರರ್ ಕೂಡ ಲಾಗ್‌ಗೆ ಬಿದ್ದಿರಲಿಲ್ಲ. ಸುಮ್ನೆ ಕಾಯುತ್ತಾ ನಿಂತಿದ್ದವು.

ಆ ಎಂಟು ಥ್ರೆಡ್‌ಗಳು ಏನು ಮಾಡುತ್ತಿದ್ದವು? ಡಂಪ್‌ನಲ್ಲಿ ರನ್ನಬಲ್ ಎಂದಿತ್ತು. ಇಲ್ಲಿ ಬಹಳ ಜನ ಎಡವುತ್ತಾರೆ. ರನ್ನಬಲ್ ಅಂದರೆ ಸಿಪಿಯು ಮೇಲೆ ಓಡುತ್ತಿದೆ ಎಂದು ಅಂದುಕೊಳ್ಳುತ್ತಾರೆ. ನೆಟ್‌ವರ್ಕ್‌ನಿಂದ ಉತ್ತರ ಓದಲು ಕಾಯುತ್ತಿರುವ ಥ್ರೆಡ್ಡನ್ನೂ ಜಾವಾ ರನ್ನಬಲ್ ಎಂದೇ ತೋರಿಸುತ್ತದೆ. ಮೇಲಿನ ಸಾಲಿನಲ್ಲಿ ಸಾಕೆಟ್ ರೀಡ್ ಇದ್ದರೆ ಅದು ಓಡುತ್ತಿಲ್ಲ, ಇನ್ನೊಬ್ಬರ ಉತ್ತರಕ್ಕೆ ಕಾಯುತ್ತಿದೆ. ಇನ್ನೂ ಕೆಳಗಿನ ಸಾಲುಗಳನ್ನು ಓದಿದೆವು. ಡೇಟಾಬೇಸ್‌ಗೆ ಕಾಯುತ್ತಿರಬಹುದು ಅಂದುಕೊಂಡಿದ್ದು ಸುಳ್ಳಾಯಿತು. ಎಂಟರಲ್ಲಿ ಏಳು ಎಸ್‌ಎಂಎಸ್ ಗೇಟ್‌ವೇಗೆ ಕರೆ ಮಾಡಿ ಉತ್ತರಕ್ಕೆ ಕಾಯುತ್ತಿದ್ದವು. ಟ್ರಾನ್ಸಾಕ್ಷನ್ ಶುರು ಮಾಡಿ, ಸಾಲು ಸೇರಿಸಿ, ಡೇಟಾಬೇಸ್ ಕನೆಕ್ಷನ್ ಕೈಯಲ್ಲೇ ಇಟ್ಟುಕೊಂಡು ಎಸ್‌ಎಂಎಸ್ ಕಳಿಸಿ, ಅದರ ಉತ್ತರ ಬಂದ ಮೇಲೆ ಕಮಿಟ್ (ಬದಲಾವಣೆಯನ್ನು ಖಾಯಂ ಮಾಡುವುದು).

ಈಗ ಲಿಟಲ್ ಅವರ ಲೆಕ್ಕ ಹಾಕಿ. ಕ್ವೆರಿಗೆ 10 ಮಿಲಿಸೆಕೆಂಡ್, ಎಸ್‌ಎಂಎಸ್‌ಗೆ 190. ಒಂದು ಕನೆಕ್ಷನ್ 200 ಮಿಲಿಸೆಕೆಂಡ್ ಹಿಡಿದಿರುತ್ತದೆ. ಎಂಟು ಕನೆಕ್ಷನ್ ಎಂದರೆ ಸೆಕೆಂಡಿಗೆ 40 ರಿಕ್ವೆಸ್ಟ್. ಅದೇ ಗರಿಷ್ಠ. 200 ಥ್ರೆಡ್ ತುಂಬಿದ್ದರೆ ಒಬ್ಬೊಬ್ಬರಿಗೆ 200 ಭಾಗಿಸು 40, ಅಂದರೆ 5 ಸೆಕೆಂಡ್. 800 ಥ್ರೆಡ್ ಮಾಡಿದರೆ 800 ಭಾಗಿಸು 40, 20 ಸೆಕೆಂಡ್. ಟೀಮ್‌ನವರು ನೋಡಿದ ಅಂಕಿಗಳು ಅವೇ. ಥ್ರೆಡ್ ಏರಿಸಿ ಅವರು ಮಾಡಿದ್ದು ಹೆಚ್ಚು ಜನರನ್ನು ಒಳಗೆ ಕರೆದು ಅದೇ ಎಂಟು ಕನೆಕ್ಷನ್ ಮುಂದೆ ನಿಲ್ಲಿಸಿದ್ದು.

ಎಸ್‌ಎಂಎಸ್ ಕಳಿಸುವುದನ್ನು ಕಮಿಟ್ ಆದ ನಂತರಕ್ಕೆ ಸರಿಸಿದರು. ಪೂಲ್ ಎಂಟೇ ಇದ್ದರೂ ಡೇಟಾಬೇಸ್ ಕಡೆಯ ಗರಿಷ್ಠ ಈಗ ಸೆಕೆಂಡಿಗೆ 800. ಮ್ಯಾಕ್ಸ್‌ಥ್ರೆಡ್ಸ್ ಮತ್ತೆ 200ಕ್ಕೆ ಇಳಿಯಿತು. ಪೂಲ್‌ನ ಕಾಯುವ ಮಿತಿಯನ್ನೂ ಕೆಲವು ಸೆಕೆಂಡಿಗೆ ಕಟ್ಟಿದರು. ಇನ್ನು ಮುಂದೆ ಹೀಗಾದರೆ ಲಾಗ್‌ನಲ್ಲಿ ಎರರ್ ಬೀಳುತ್ತದೆ, ಸುಮ್ನೆ ನಿಲ್ಲುವುದಿಲ್ಲ.

"ಪೂಲನ್ನೇ 200 ಮಾಡಿದ್ದರೆ ಆಗುತ್ತಿರಲಿಲ್ವಾ?" ಎಂದು ನಿಮ್ಮಲ್ಲಿ ಯಾರಾದರೂ ಯೋಚಿಸುತ್ತಿರಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಒಟ್ಟು ಕನೆಕ್ಷನ್ ಮಿತಿ ಡಿಫಾಲ್ಟ್ 100, ಮೈಎಸ್‌ಕ್ಯೂಎಲ್‌ನಲ್ಲಿ 151. ಒಂದೇ ಟಾಮ್‌ಕ್ಯಾಟ್ ಇದ್ದರೂ ಈಗಲೇ ಮೀರಿತು. ಮಿತಿ ಏರಿಸಿದಿರಿ ಎಂದೇ ಇಟ್ಟುಕೊಳ್ಳಿ. ಪೋಸ್ಟ್‌ಗ್ರೆಸ್‌ನಲ್ಲಿ ಒಂದೊಂದು ಕನೆಕ್ಷನ್ ಒಂದೊಂದು ಪ್ರೋಸೆಸ್. ಡೇಟಾಬೇಸ್ ಯಂತ್ರದಲ್ಲಿ ಎಂಟು ಕೋರ್ ಇದ್ದರೆ 200 ಕ್ವೆರಿಗಳು ಒಟ್ಟಿಗೆ ಓಡುವುದಿಲ್ಲ, ಅಲ್ಲಿ ಕ್ಯೂ ಆಗುತ್ತದೆ. ಸ್ಪ್ರಿಂಗ್ ಬೂಟ್ ಬಳಸುವವರು ಗಮನಿಸಿ. ನಿಮ್ಮ ಒಳಗೂ ಸಾಮಾನ್ಯವಾಗಿ ಟಾಮ್‌ಕ್ಯಾಟೇ ಇರುವುದು, ಥ್ರೆಡ್ 200. ಪೂಲ್ ಹಿಕಾರಿಸಿಪಿ, ಕನೆಕ್ಷನ್ 10. ಇದೇ ಕಥೆ ನಿಮ್ಮಲ್ಲೂ ಕೂತಿರಬಹುದು. ಹಿಕಾರಿ 30 ಸೆಕೆಂಡ್ ಕಾದ ಮೇಲೆ ಎರರ್ ಕೊಡುತ್ತದೆ ಎಂಬುದು ವ್ಯತ್ಯಾಸ.

ಇದು ಕಾಯುವಿಕೆಯ ಕಥೆ. ಸಿಪಿಯು ನಿಜವಾಗಿ ಉರಿಯುತ್ತಿದ್ದರೆ ದಾರಿ ಬೇರೆ. ಟಾಪ್ ಕಮಾಂಡ್‌ಗೆ ಮೈನಸ್ ದೊಡ್ಡ ಎಚ್ ಕೊಡಿ, ಥ್ರೆಡ್‌ವಾರು ತೋರಿಸುತ್ತದೆ. ಅಲ್ಲಿ ಮೇಲಿರುವ ಥ್ರೆಡ್‌ನ ಐಡಿ ತೆಗೆದುಕೊಂಡು ಡಂಪ್‌ನಲ್ಲಿ ಎನ್‌ಐಡಿ ಎಂಬಲ್ಲಿ ಹುಡುಕಿ. ಜಾವಾ 8, 11, 17ರಲ್ಲಿ ಅದು ಹೆಕ್ಸಾಡೆಸಿಮಲ್‌ನಲ್ಲಿರುತ್ತದೆ, ಬದಲಿಸಿಕೊಳ್ಳಬೇಕು. ಸಿಕ್ಕಿದ್ದು ನಿಮ್ಮ ಕೋಡ್ ಆದರೆ ಜಾವಾ ಫ್ಲೈಟ್ ರೆಕಾರ್ಡರ್ ಅಥವಾ ಅಸಿಂಕ್-ಪ್ರೊಫೈಲರ್ ಹಾಕಿ, ಯಾವ ಮೆಥಡ್ ಎಷ್ಟು ಸಿಪಿಯು ತಿನ್ನುತ್ತಿದೆ ಎಂದು ತೋರಿಸುವ ಫ್ಲೇಮ್ ಗ್ರಾಫ್ ತೆಗೆಯಿರಿ. ಫ್ಲೈಟ್ ರೆಕಾರ್ಡರ್ ಜಾವಾ 11ರಿಂದ ಎಲ್ಲರಿಗೂ ಮುಕ್ತ, ಪ್ರೊಡಕ್ಷನ್‌ನಲ್ಲೂ ಧೈರ್ಯವಾಗಿ ಓಡಿಸಬಹುದು. ಸಿಕ್ಕಿದ್ದು ಜಿಸಿ (ಗಾರ್ಬೇಜ್ ಕಲೆಕ್ಟರ್) ಥ್ರೆಡ್ ಆದರೆ ಜಿಸಿ ಲಾಗ್ ನೋಡಿ. ಅದನ್ನು ಯಾವಾಗಲೂ ಆನ್ ಇಟ್ಟಿರಿ. ಅದರ ಖರ್ಚು ಏನೂ ಅಲ್ಲ, ಬೇಕಾದಾಗ ಇಲ್ಲದಿದ್ದರೆ ನಷ್ಟ ದೊಡ್ಡದು.

ಕಂಟೇನರ್‌ನಲ್ಲಿ, ಅಂದರೆ ಸಿಪಿಯು ಮತ್ತು ಮೆಮೊರಿಗೆ ಮಿತಿ ಹಾಕಿದ ಪೆಟ್ಟಿಗೆಯಂಥ ಜಾಗದಲ್ಲಿ, ಓಡಿಸುವವರಿಗೆ ಇನ್ನೆರಡು ಮಾತು. ಜಾವಾ 9ರಿಂದ ಜಿ1 ಕಲೆಕ್ಟರ್ ಡಿಫಾಲ್ಟ್ ಎಂದು ಎಲ್ಲರಿಗೂ ಗೊತ್ತು. ಆದರೆ ಇವತ್ತು ಹೆಚ್ಚಾಗಿ ಬಳಕೆಯಲ್ಲಿರುವ ಜಾವಾ ಆವೃತ್ತಿಗಳಲ್ಲಿ, ಕಂಟೇನರ್‌ಗೆ ಎರಡಕ್ಕಿಂತ ಕಡಿಮೆ ಸಿಪಿಯು ಕೊಟ್ಟರೆ ಅಥವಾ ಮೆಮೊರಿ 1792 ಎಂಬಿಗಿಂತ ಕಡಿಮೆ ಇದ್ದರೆ ಜಾವಾ ತಾನಾಗಿ ಸೀರಿಯಲ್ ಕಲೆಕ್ಟರ್ ಆರಿಸಿಕೊಳ್ಳುತ್ತದೆ. ಹೀಪ್ ಕೂಡ ಇದ್ದ ಮೆಮೊರಿಯಲ್ಲಿ ಕಾಲು ಭಾಗ ಮಾತ್ರ. ಲ್ಯಾಪ್‌ಟಾಪ್‌ನಲ್ಲಿ ನೋಡಿದ್ದು ಒಂದು, ಕ್ಲಸ್ಟರ್‌ನಲ್ಲಿ ಓಡುವುದು ಇನ್ನೊಂದು.

ಎರಡನೆಯದು ಥ್ರಾಟ್ಲಿಂಗ್. ಲಿಮಿಟ್ ಒಂದು ಸಿಪಿಯು ಎಂದರೆ ಪ್ರತಿ 100 ಮಿಲಿಸೆಕೆಂಡಿಗೆ 100 ಮಿಲಿಸೆಕೆಂಡಿನಷ್ಟು ಕೆಲಸ. ದೊಡ್ಡ ಯಂತ್ರದಲ್ಲಿ ಹತ್ತು ಥ್ರೆಡ್‌ಗಳು ಒಟ್ಟಿಗೆ ಓಡಿದರೆ ಆ ಪಾಲು ಮೊದಲ 10 ಮಿಲಿಸೆಕೆಂಡಿನಲ್ಲೇ ಖಾಲಿ. ಉಳಿದ 90 ಮಿಲಿಸೆಕೆಂಡ್ ಇಡೀ ಪ್ರೋಸೆಸ್ ನಿಂತಿರುತ್ತದೆ. ಸಿಪಿಯು ಗ್ರಾಫ್‌ನ ಸರಾಸರಿಯಲ್ಲಿ ಇದು ಕಾಣಿಸದೆ ಹೋಗಬಹುದು. ಈ ಮಿತಿಯನ್ನು ಜಾರಿ ಮಾಡುವ ಲಿನಕ್ಸ್ ಸಿಗ್ರೂಪ್‌ನ ಸಿಪಿಯು ಡಾಟ್ ಸ್ಟ್ಯಾಟ್ ಫೈಲ್‌ನಲ್ಲಿ ಎನ್‌ಆರ್ ಥ್ರಾಟಲ್ಡ್ ಎಂಬ ಎಣಿಕೆ ಏರುತ್ತಿದೆಯಾ ನೋಡಿ.

ಸಣ್ಣಪುಟ್ಟವನ್ನು ಬೇಗ ಹೇಳಿಬಿಡುತ್ತೇನೆ. ಜೆಎಸ್‌ಪಿ ಬಳಸುತ್ತಿದ್ದರೆ ಪ್ರೊಡಕ್ಷನ್‌ನಲ್ಲಿ ಡೆವಲಪ್‌ಮೆಂಟ್ ಮೋಡ್ ಫಾಲ್ಸ್ ಮಾಡಿ, ಡಿಫಾಲ್ಟ್ ಟ್ರೂ ಇರುತ್ತದೆ. ಸ್ಟಾಟಿಕ್ ಫೈಲ್‌ಗಳನ್ನು ಟಾಮ್‌ಕ್ಯಾಟೇ ಕೊಡುತ್ತಿದ್ದರೆ ಅದರ ಕ್ಯಾಶ್ ಡಿಫಾಲ್ಟ್ 10 ಎಂಬಿ ಮಾತ್ರ. ಕ್ಯಾಶ್‌ನಲ್ಲಿ ಜಾಗ ಸಾಲುತ್ತಿಲ್ಲ ಎಂದು ಲಾಗ್‌ನಲ್ಲಿ ಸಾಲುಗಟ್ಟಲೆ ಬರುತ್ತಿದ್ದರೆ ಅದನ್ನು ಏರಿಸಿ. ಟಾಮ್‌ಕ್ಯಾಟ್ ಶುರುವಾಗಲು ಬಹಳ ಹೊತ್ತು ಹಿಡಿದರೆ ಎರಡು ಕಡೆ ನೋಡಿ. ಒಂದು, ಪ್ರತಿ ಜಾರ್ ಫೈಲ್ ತೆರೆದು ಟಿಎಲ್‌ಡಿ (ಜೆಎಸ್‌ಪಿ ಟ್ಯಾಗ್‌ಗಳ ವಿವರ ಇರುವ ಫೈಲ್) ಹುಡುಕುವುದು. ಇನ್ನೊಂದು, ಹಳೆಯ ಲಿನಕ್ಸ್ ಕರ್ನಲ್‌ಗಳಲ್ಲಿ ಸೆಷನ್ ಐಡಿಗಾಗಿ ರ‍್ಯಾಂಡಮ್ ಸಂಖ್ಯೆ ಸಿಗಲು ಕಾಯುವುದು. ಎರಡನೆಯದಕ್ಕೆ ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ಟಾಮ್‌ಕ್ಯಾಟೇ ಲಾಗ್‌ನಲ್ಲಿ ಬರೆಯುತ್ತದೆ.

ಏನೇ ಬದಲಿಸಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬದಲಿಸುವ ಮೊದಲು ಏನನ್ನೂ ಮುಟ್ಟದೆ ಅದೇ ಟೆಸ್ಟನ್ನು ಕೆಲವು ಸಲ ಓಡಿಸಿ. ನಿಮ್ಮ ಅಂಕಿಗಳು ತಾವಾಗಿಯೇ ಶೇಕಡಾ 8ರಷ್ಟು ಆಚೀಚೆ ಆಗುತ್ತಿದ್ದರೆ, ಶೇಕಡಾ 5ರ ಸುಧಾರಣೆ ಕಂಡೆವು ಎಂದು ಹೇಳುವ ಹಾಗಿಲ್ಲ. ಕ್ಲೌಡ್‌ನಲ್ಲಿ ಇದು ಇನ್ನೂ ಜಾಸ್ತಿ. ಅಗ್ಗದ ಕೆಲವು ಮೆಷೀನ್‌ಗಳು ಸಿಪಿಯು ಕ್ರೆಡಿಟ್ ಮೇಲೆ ಓಡುತ್ತವೆ. ಕ್ರೆಡಿಟ್ ಇರುವ ತನಕ ಚುರುಕು, ಮುಗಿದ ಮೇಲೆ ಕುಂಟು. ಅಂಥ ಮೆಷೀನ್‌ನಲ್ಲಿ ಬೆಳಿಗ್ಗೆ ಮಾಡಿದ ಟೆಸ್ಟನ್ನು ಮಧ್ಯಾಹ್ನದ ಟೆಸ್ಟ್‌ಗೆ ಹೋಲಿಸಲು ಬರುವುದಿಲ್ಲ.

ಕೊನೆಗೆ ಒಂದು ಪ್ರಶ್ನೆ ಬಂತು: ಜಾವಾ 21ರಲ್ಲಿ ವರ್ಚುವಲ್ ಥ್ರೆಡ್ ಬಂದಿದೆಯಲ್ಲ, ಟಾಮ್‌ಕ್ಯಾಟ್‌ನಲ್ಲೂ ಆನ್ ಮಾಡಬಹುದು, ಆಗ ಈ 200ರ ಲೆಕ್ಕವೇ ಬೇಡ ಅಲ್ವಾ? ಒಳ್ಳೆಯ ಪ್ರಶ್ನೆ. ಕನೆಕ್ಟರ್‌ನಲ್ಲಿ ಯೂಸ್‌ವರ್ಚುವಲ್‌ಥ್ರೆಡ್ಸ್ ಟ್ರೂ ಎಂದು ಕೊಟ್ಟರೆ ಪ್ರತಿ ರಿಕ್ವೆಸ್ಟ್‌ಗೂ ಒಂದು ಹಗುರವಾದ ಥ್ರೆಡ್ ಸಿಗುತ್ತದೆ. ಹೊರಗಿನ ಹತ್ತಾರು ಸೇವೆಗಳನ್ನು ಕರೆದು ಕಾಯುವ ಅಪ್ಲಿಕೇಶನ್‌ಗೆ ಇದು ನಿಜವಾಗಿ ಒಳ್ಳೆಯದು, ಬಳಸಿ ನೋಡಿ. ಜಾವಾ 24ಕ್ಕಿಂತ ಹಿಂದಿನದಾದರೆ ಸಿಂಕ್ರೊನೈಸ್ಡ್ ಬ್ಲಾಕ್ ಒಳಗೆ ಕಾಯುವ ಕೋಡ್ ಇದೆಯಾ ಎಂದು ಪರೀಕ್ಷಿಸಿಕೊಳ್ಳಿ. ಅಂಥ ಕಡೆ ವರ್ಚುವಲ್ ಥ್ರೆಡ್ ತನ್ನ ಕೆಳಗಿನ ನಿಜವಾದ ಥ್ರೆಡ್ಡನ್ನು ಬಿಟ್ಟುಕೊಡುವುದಿಲ್ಲ. ಆದರೆ ನಾನು ಹೇಳಿದ ಬುಕಿಂಗ್ ಅಪ್ಲಿಕೇಶನ್‌ಗೆ, ಕೋಡ್ ಸರಿಪಡಿಸುವ ಮೊದಲು, ಇದನ್ನು ಆನ್ ಮಾಡಿದ್ದರೆ ಏನಾಗುತ್ತಿತ್ತು ಲೆಕ್ಕ ಹಾಕಿ. 200ರ ತಡೆ ಹೋಗುತ್ತಿತ್ತು. ಒಂದೇ ಹೊತ್ತಿಗೆ 2000 ರಿಕ್ವೆಸ್ಟ್ ಒಳಗೆ ಬಂದಿದ್ದರೆ ಅವೆಲ್ಲ ಅದೇ ಎಂಟು ಕನೆಕ್ಷನ್‌ಗೆ ಕಾಯುತ್ತಿದ್ದವು. 2000 ಭಾಗಿಸು 40, 50 ಸೆಕೆಂಡ್.